ಶ್ವಾಸಕೋಶದ ಕ್ಯಾನ್ಸರ್ ಹರಡಿದೆಯೇ: ಸಿ.ಟಿ.ಯೋ, ಪೆಟ್-ಸಿ.ಟಿ.ಯೋ?

ಸಿ.ಟಿ. ನೋಡುವುದು ಗಾತ್ರವನ್ನು. ಎದೆಯ ನಡುವಿನ ದುಗ್ಧರಸ ಗ್ರಂಥಿಯ ಚಿಕ್ಕ ಅಡ್ಡಳತೆ 10 ಮಿ.ಮೀ. ಮುಟ್ಟಿದರೆ ಅನುಮಾನ; 7 ಮಿ.ಮೀ. ಗ್ರಂಥಿಯಲ್ಲೇ ಕ್ಯಾನ್ಸರ್ ಕೂತಿದ್ದರೆ ತಪ್ಪಿಹೋಗಬಹುದು. ಆದರೆ ಗಡ್ಡೆಯ ಅಂಚಿನ ಮುಳ್ಳಿನಂಥ ಚಾಚುಗಳು ಚೆನ್ನಾಗಿ ಕಾಣುವುದು ಇದರಲ್ಲೇ, ಅದೂ 1 ಮಿ.ಮೀ. ದಪ್ಪದ ಪದರಗಳಾಗಿ ಚಿತ್ರ ತೆಗೆದಿದ್ದರೆ; 5 ಮಿ.ಮೀ. ಪದರದಲ್ಲಿ ಮಸುಕಾಗುತ್ತವೆ.

ಪೆಟ್-ಸಿ.ಟಿ. ಹಿಡಿಯುವುದು ಜೀವಕೋಶಗಳ ಸಕ್ಕರೆ ಹಸಿವನ್ನು: ವಿಕಿರಣ ಸೂಸುವ ಸಕ್ಕರೆಯಂಥ ಮದ್ದನ್ನು ಚುಚ್ಚಿದಾಗ, ಅದನ್ನು ಹೆಚ್ಚು ಹೀರುವ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಮೂಳೆಗೆ, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗೆ ಹರಡಿದ್ದೂ ಒಂದೇ ಸಲಕ್ಕೆ ಸಿಗುತ್ತದೆ. ಶಸ್ತ್ರಚಿಕಿತ್ಸೆಯ ಯೋಚನೆಯಿದ್ದರೆ ಇದು ಬೇಕೇ ಬೇಕು. ಕನಿಷ್ಠ 4 ಗಂಟೆ ಉಪವಾಸ, ಚುಚ್ಚುಮದ್ದಿನ ಬಳಿಕ ಸುಮಾರು 60 ನಿಮಿಷ ವಿಶ್ರಾಂತಿ. ರಕ್ತದಲ್ಲಿ ಸಕ್ಕರೆ ಏರಿದ್ದರೆ ಚಿತ್ರ ಕೆಡುತ್ತದೆ, ಮಧುಮೇಹಿಗಳು ಮೊದಲೇ ಹೇಳಿಬಿಡಿ.

ನಮ್ಮಲ್ಲಿ ದೊಡ್ಡ ತೊಡಕು ಕ್ಷಯ: ಕ್ಷಯ ತಗುಲಿದ ದುಗ್ಧರಸ ಗ್ರಂಥಿಗಳೂ ಪೆಟ್-ಸಿ.ಟಿ.ಯಲ್ಲಿ ಹಾಗೆಯೇ ಹೊಳೆಯುತ್ತವೆ. ಹೊಳಪು ನೋಡಿಯೇ ಶಸ್ತ್ರಚಿಕಿತ್ಸೆ ಕೈಬಿಡಬೇಡಿ, ಗ್ರಂಥಿಗೆ ಸೂಜಿ ಹಾಕಿಸಿ, ತುಣುಕು ತೆಗೆಸಿ ಪರೀಕ್ಷಿಸಿ. ಮಿದುಳಿಗೆ ಎರಡೂ ಸಾಲದು, ಎಂ.ಆರ್.ಐ. ಮಾಡಿಸಬೇಕು.