ಒಂದೇ ಬೈಕಿನಲ್ಲಿ ಮೂರು ಜೋಡಿ ಕಾರ್ಬ್ಯುರೇಟರ್, ಮೂರು ಅಳತೆಯ ಥ್ರಾಟಲ್ ಡ್ರಮ್

ನನ್ನದು 650 ಸಿಸಿಯ ಹಳೆಯ ಬೈಕು. ಗಾಳಿಗೆ ತಣಿಯುವ ಎಂಜಿನ್, ಎರಡು ಸಿಲಿಂಡರ್, ಒಂದೊಂದಕ್ಕೂ 38 ಮಿಲಿಮೀಟರ್ ಬಾಯಿಯ ಒಂದೊಂದು ಸಿವಿ ಬಗೆಯ ಕಾರ್ಬ್ಯುರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ಕೆಲವು ತಿಂಗಳಿಂದ ಅದು ಅರ್ಧ ಥ್ರಾಟಲ್ ದಾಟಿದೊಡನೆ ಏದುಸಿರು ಬಿಡುತ್ತಿತ್ತು. ನೋಡಿದವರೆಲ್ಲ ಕಾರ್ಬ್ಯುರೇಟರ್ ಬದಲಾಯಿಸು ಎಂದರು. ನಾನು ಮೊದಲು ಹಳೆಯದನ್ನೇ ರಿಪೇರಿ ಮಾಡಿ ಓಡಿಸಿದೆ. ಆಮೇಲೆ 34 ಮಿಲಿಮೀಟರಿನ ದುಂಡು ಸ್ಲೈಡಿನ ಮಿಕುನಿ ವಿಎಂ ಜೋಡಿ ಹಾಕಿದೆ. ಸ್ಲೈಡು ಎಂದರೆ ಮೇಲೆ ಕೆಳಗೆ ಸರಿದು ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಭಾಗ. ಕೊನೆಗೆ ಗೆಳೆಯನಿಂದ ಎರವಲು ತಂದ, 35 ಮಿಲಿಮೀಟರಿನ ಚಪ್ಪಟೆ ಸ್ಲೈಡಿನ ಕೀಹಿನ್ ಎಫ್‌ಸಿಆರ್ ಜೋಡಿಯನ್ನು ಆರು ವಾರ ಓಡಿಸಿದೆ. ಎಂಜಿನ್, ಸೈಲೆನ್ಸರ್, ಪ್ಲಗ್ ಎಲ್ಲವೂ ಅವೇ. ಏರ್ ಫಿಲ್ಟರ್ ಮಾತ್ರ ಬದಲಾಯಿತು: ಸಿವಿಗೆ ಮೂಲ ಡಬ್ಬಿ, ಉಳಿದೆರಡಕ್ಕೂ ಕಾರ್ಬ್ಯುರೇಟರಿನ ಬಾಯಿಗೇ ನೇರವಾಗಿ ಕೂರುವ ಬಿಡಿ ಫಿಲ್ಟರ್. ಆದ್ದರಿಂದ ಗರಿಷ್ಠ ವೇಗದ ಹೋಲಿಕೆಗೆ ನಾನು ಕೈಹಾಕುವುದಿಲ್ಲ.

ಸಿವಿಯಲ್ಲಿ ನಮ್ಮ ಕೈ ತಿರುಗಿಸುವುದು ಬಟರ್‌ಫ್ಲೈ ಎಂಬ ತೆಳು ತಟ್ಟೆಯನ್ನು ಮಾತ್ರ. ಪೆಟ್ರೋಲಿನ ಪ್ರಮಾಣ ನಿಯಂತ್ರಿಸುವ ಸೂಜಿಯನ್ನು ಹೊತ್ತ ಸ್ಲೈಡು ಕೈಯ ಹಿಡಿತದಲ್ಲಿಲ್ಲ. ಎಂಜಿನ್ ಗಾಳಿ ಎಳೆದಾಗ ಒತ್ತಡ ಇಳಿಯುತ್ತದೆ, ಆ ಸೆಳೆತಕ್ಕೆ ರಬ್ಬರ್ ಡಯಾಫ್ರಮ್ ಮೇಲೇಳುತ್ತದೆ, ಅದರೊಂದಿಗೆ ಸ್ಲೈಡು. ನಾವು ಎಷ್ಟೇ ಅವಸರಪಟ್ಟರೂ ಎಂಜಿನ್ನಿಗೆ ಅರಗುವಷ್ಟನ್ನೇ ಅದು ಬಡಿಸುತ್ತದೆ. ಈ ಡಯಾಫ್ರಮ್ಮಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಸ್ಲೈಡು ಪೂರ್ತಿ ಏಳುವುದಿಲ್ಲ. ಪರೀಕ್ಷೆ ಬಹಳ ಸುಲಭ. ಫಿಲ್ಟರ್ ಬಿಚ್ಚಿ ಸ್ಲೈಡನ್ನು ಬೆರಳಿನಿಂದ ಮೇಲಕ್ಕೆತ್ತಿ ಬಿಡಬೇಕು. ನನ್ನ ಬೈಕಿನ ಬಲಗಡೆಯದು ಮೆಲ್ಲಗೆ ಇಳಿಯಿತು, ಎಡಗಡೆಯದು ಟಪ್ಪನೆ ಬಿತ್ತು. ಬಿಚ್ಚಿ ಬೆಳಕಿಗೆ ಹಿಡಿದಾಗ ಮಡಿಕೆಯಲ್ಲಿ ಎರಡು ತೂತು ಕಂಡವು. ಸೂಜಿ ಉಜ್ಜಿ ಉಜ್ಜಿ, ಅದು ಇಳಿಯುವ ಪೆಟ್ರೋಲ್ ಕೊಳವೆಯಾದ ನೀಡಲ್ ಜೆಟ್ಟಿನ ತೂತು ಕೂಡ ಮೊಟ್ಟೆಯಾಕಾರಕ್ಕೆ ತಿರುಗಿತ್ತು.

ಎರಡು ಹೊಸ ಡಯಾಫ್ರಮ್, ಹೊಸ ನೀಡಲ್ ಜೆಟ್ ಮತ್ತು ಸೂಜಿ, ಹೊಸ ಕೇಬಲ್, ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನ ಸರಿಯಾದ ಎತ್ತರ, ವ್ಯಾಕ್ಯೂಮ್ ಗೇಜ್ ಹಾಕಿ ಎರಡೂ ಬದಿಯ ಸೆಳೆತವನ್ನು ಸರಿದೂಗಿಸಿದ್ದು: ಇಷ್ಟಕ್ಕೇ ಏದುಸಿರು ಮಾಯವಾಯಿತು. ಬೈಕು ಮೃದುವಾಗಿ, ಒಂದೇ ಉಸಿರಿನಲ್ಲಿ ವೇಗ ಹಿಡಿಯತೊಡಗಿತು. ಕಾರ್ಬ್ಯುರೇಟರ್ ಬದಲಾಯಿಸಬೇಕೆಂದು ಹೊರಟವರು ಹತ್ತು ಮಂದಿ ಇದ್ದರೆ ಅವರಲ್ಲಿ ಏಳು ಮಂದಿಗೆ ನಾನು ಇಲ್ಲಿಗೇ ನಿಲ್ಲಿ ಎಂದೇ ಹೇಳುತ್ತೇನೆ. ಸಿವಿಗೆ ಬಿಡಿ ಫಿಲ್ಟರ್ ಹಾಕಲು ಮಾತ್ರ ಹೋಗಬೇಡಿ. ಡಯಾಫ್ರಮ್ಮಿನ ಕೆಳಭಾಗಕ್ಕೆ ಗಾಳಿ ಕೊಡುವ ರಂಧ್ರ ಕಾರ್ಬ್ಯುರೇಟರಿನ ಬಾಯಂಚಿನಲ್ಲಿರುತ್ತದೆ. ಹಲವು ಬಿಡಿ ಫಿಲ್ಟರುಗಳ ರಬ್ಬರ್ ತುಟಿ ಅದನ್ನು ಮುಚ್ಚಿಬಿಡುತ್ತದೆ, ಸ್ಲೈಡು ಮತ್ತೆ ಅರ್ಧಕ್ಕೆ ನಿಲ್ಲುತ್ತದೆ.

ಹಾಗಾದರೆ ನಾನೇಕೆ ಮುಂದುವರಿದೆ? ಕೈ ಕೇಳುವುದಕ್ಕೂ ಎಂಜಿನ್ ಕೊಡುವುದಕ್ಕೂ ನಡುವೆ ಸಿವಿಯಲ್ಲಿ ಒಂದು ಸಣ್ಣ ವಿರಾಮವಿದೆ. ನೇರ ರಸ್ತೆಯಲ್ಲಿ ಅದು ತಿಳಿಯುವುದೇ ಇಲ್ಲ. ತಿರುವಿನ ನಡುವೆ ಬೈಕು ವಾಲಿರುವಾಗ, ಕೂದಲೆಳೆಯಷ್ಟು ಥ್ರಾಟಲ್ ಬೇಕಾದಾಗ, ನನಗೆ ಆ ವಿರಾಮ ಚುಚ್ಚುತ್ತಿತ್ತು.

ದುಂಡು ಸ್ಲೈಡಿನಲ್ಲಿ ಕೇಬಲ್ ಸ್ಲೈಡನ್ನೇ ಎಳೆಯುತ್ತದೆ. 38ರಿಂದ 34ಕ್ಕೆ ಇಳಿದರೆ ಶಕ್ತಿ ಕುಂದೀತೆಂದು ಹೆದರಿದ್ದೆ. ಆದರೆ ಸಿವಿಯಲ್ಲಿ ಪೂರ್ತಿ ತೆರೆದಾಗಲೂ ಬಟರ್‌ಫ್ಲೈ ಮತ್ತು ಅದರ ದಂಡ ಗಾಳಿಯ ದಾರಿಯಲ್ಲೇ ನಿಂತಿರುತ್ತವೆ. ದುಂಡು ಸ್ಲೈಡು ಪೂರ್ತಿ ಎದ್ದರೆ ದಾರಿಯಲ್ಲಿ ಉಳಿಯುವುದು ಸೂಜಿ ಮಾತ್ರ. ಸವಾರಿಯಲ್ಲಿ ಶಕ್ತಿ ಕಡಿಮೆಯಾದಂತೆ ಅನಿಸಲಿಲ್ಲ. ತೊಂದರೆ ಕೊಟ್ಟದ್ದು ಕೆಳವೇಗ. ಎಂಜಿನ್ ನಿಧಾನವಾಗಿರುವಾಗ ಥ್ರಾಟಲನ್ನು ಒಮ್ಮೆಗೇ ತಿರುಗಿಸಿದರೆ ಬಾಯಿ ಅಗಲವಾಗಿ ಗಾಳಿಯ ವೇಗ ಬೀಳುತ್ತದೆ, ಪೆಟ್ರೋಲನ್ನು ಮೇಲೆಳೆಯುವ ಸೆಳೆತವೇ ಉಳಿಯುವುದಿಲ್ಲ. ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿದಂತಾಗಿ, ಆಮೇಲೆ ಜಿಗಿಯುತ್ತದೆ.

ಜೆಟ್‌ಗಳನ್ನು, ಅಂದರೆ ಪೆಟ್ರೋಲನ್ನು ಅಳೆದು ಬಿಡುವ ಪುಟ್ಟ ತೂತಿನ ತುಣುಕುಗಳನ್ನು, ಹೊಂದಿಸಲು ಮೂರು ಭಾನುವಾರ ಹಿಡಿದವು. ಹಿಡಿಯ ಮೇಲೆ ಬಿಳಿ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಎಳೆದುಕೊಂಡೆ. ಐಡ್ಲಿಂಗಿನಿಂದ ಎಂಟನೇ ಒಂದು ತೆರೆಯುವವರೆಗೆ ಪೈಲಟ್ ಜೆಟ್ಟಿನ ಆಳ್ವಿಕೆ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ತಳದ ಓರೆ ಕೊಯ್ತ. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ, ಅದರಾಚೆ ಮೇನ್ ಜೆಟ್. ಒಂದರ ಗಡಿಯೊಳಗೆ ಇನ್ನೊಂದು ಸ್ವಲ್ಪ ನುಗ್ಗುತ್ತದೆ, ಆದರೂ ಟೇಪಿನ ಗೆರೆ ನೋಡಿದರೆ ತಪ್ಪು ಯಾವುದರದೆಂದು ಬಹುಪಾಲು ತಿಳಿಯುತ್ತದೆ. ನನ್ನ ಎಂಜಿನ್ ಎಡವುತ್ತಿದ್ದದ್ದು ಕಾಲು ಭಾಗದ ಒಳಗೆ. ಓರೆ ಕೊಯ್ತವನ್ನು 2.5ರಿಂದ 2.0ಕ್ಕೆ ಇಳಿಸಿದಾಗ, ಅಂದರೆ ಅಲ್ಲಿ ಮಿಶ್ರಣದಲ್ಲಿ ಪೆಟ್ರೋಲ್ ತುಸು ಹೆಚ್ಚಿದಾಗ, ಆ ಎಡವು ನಿಂತಿತು. ಅದಕ್ಕೂ ಮುಂಚೆ ಒಂದು ಇಡೀ ದಿನವನ್ನು ಐಡ್ಲಿಂಗಿನ ಮಿಶ್ರಣ ಹೊಂದಿಸುವ ತಿರುಪಿನ ಮೇಲೆ ಕಳೆದಿದ್ದೆ. ಹಳೆಯ ಸಿವಿಯಲ್ಲಿ ತಿರುಪು ಎಂಜಿನ್ ಕಡೆಗಿತ್ತು, ಹೊರಕ್ಕೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚುತ್ತಿತ್ತು. ವಿಎಂನ ತಿರುಪು ಫಿಲ್ಟರ್ ಕಡೆಗಿದೆ, ಹೊರಕ್ಕೆ ತಿರುಗಿಸಿದರೆ ಹೆಚ್ಚುವುದು ಗಾಳಿ. ಎರಡರ ನಡೆ ತದ್ವಿರುದ್ಧ.

ಜೆಟ್ ಸರಿಯಾದರೂ ಒಂದು ಒರಟುತನ ಉಳಿದೇ ಇತ್ತು. ಅದರ ಮೂಲ ಕಾರ್ಬ್ಯುರೇಟರಿನಲ್ಲಿರಲಿಲ್ಲ, ಹಿಡಿಯಲ್ಲಿತ್ತು. ಸ್ಲೈಡ್ ಹಾಕುವವರು ಹಿಡಿ ಕಾಲು ಸುತ್ತು ತಿರುಗಿದರೇ ಪೂರ್ತಿ ತೆರೆಯುವ ಥ್ರಾಟಲ್ ಹಾಕಬೇಕೆಂಬ ಮಾತನ್ನು ನಂಬಿ ನಾನೂ ಹಾಗೇ ಮಾಡಿದ್ದೆ. ಲೆಕ್ಕ ನೋಡಿ. ಸ್ಲೈಡು ಪೂರ್ತಿ ಏಳಲು ಕೇಬಲ್ 34 ಮಿಲಿಮೀಟರ್ ಸರಿಯಬೇಕು. ಕೇಬಲ್ ಸುತ್ತುವ ಡ್ರಮ್ಮಿನ ತ್ರಿಜ್ಯ 22 ಮಿಲಿಮೀಟರ್ ಇದ್ದರೆ ಕೈ ಸುಮಾರು 89 ಡಿಗ್ರಿ ತಿರುಗಿದರೆ ಸಾಕು. 20 ಇದ್ದರೆ 97, 17 ಇದ್ದರೆ 115 ಡಿಗ್ರಿ ಬೇಕು. 22ರ ಡ್ರಮ್ಮಿನಲ್ಲಿ ಅದೇ ಸ್ಪ್ರಿಂಗ್ 17ರದಕ್ಕಿಂತ ಸುಮಾರು 30 ಪ್ರತಿಶತ ಹೆಚ್ಚು ಭಾರವಾಗಿ ಕೈಗೆ ತಾಗುತ್ತದೆ. ಸ್ಲೈಡ್ ಕಾರ್ಬ್ಯುರೇಟರುಗಳ ಸ್ಪ್ರಿಂಗ್ ಮೊದಲೇ ಗಟ್ಟಿ. ಥ್ರಾಟಲ್ ಬಿಟ್ಟಾಗ ಎಂಜಿನ್ನಿನ ಸೆಳೆತ ಸ್ಲೈಡನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ, ಅದನ್ನು ಮೀರಿ ಕೆಳಗಿಳಿಸಲು ಆ ಬಲ ಬೇಕೇ ಬೇಕು. ಒಂದು ಗಂಟೆಯ ಸವಾರಿಗೆ ನನ್ನ ಮಣಿಕಟ್ಟು ನೋಯುತ್ತಿತ್ತು, ತಗ್ಗು ದಿಣ್ಣೆಯಲ್ಲಿ ಕೈ ಅಲುಗಿದರೆ ಬೈಕೂ ಮುಗ್ಗರಿಸುತ್ತಿತ್ತು. 20ರ ಡ್ರಮ್ ಹಾಕಿದಾಗ ಅರ್ಧ ನೆಮ್ಮದಿ, 17ರದು ಹಾಕಿದಾಗ ಪೂರ್ತಿ. ಪೂರ್ತಿ ತೆರೆಯಲು ಈಗ ಹಿಡಿಯನ್ನು ಇನ್ನೊಮ್ಮೆ ಹಿಡಿದುಕೊಳ್ಳಬೇಕು, ನಿಜ. ಆದರೆ ಬೀದಿಯಲ್ಲಿ ನಾವು ಬದುಕುವುದು ಮೊದಲ ಕಾಲು ಭಾಗದಲ್ಲಿ, ಅಲ್ಲಿ ಸೂಕ್ಷ್ಮತೆ ಬೇಕು. ಹೊಸ ಕಾರ್ಬ್ಯುರೇಟರಿಗಿಂತ ದೊಡ್ಡ ಬದಲಾವಣೆಯನ್ನು ಈ ಸಣ್ಣ ಡ್ರಮ್ ತಂದುಕೊಟ್ಟಿತು ಎಂಬುದನ್ನು ಒತ್ತಿ ಹೇಳಲೇಬೇಕು.

ಕೇಬಲಿನಲ್ಲೂ ಎರಡು ಬಗೆ ನೋಡಿದೆ. ಮೊದಲು ಒಂದು ಕೇಬಲ್ ನಡುದಾರಿಯಲ್ಲಿ ಎರಡಾಗಿ ಒಡೆಯುವಂಥದ್ದು, ಆಮೇಲೆ ಹಿಡಿಯಿಂದಲೇ ನೇರವಾಗಿ ಹೊರಡುವ ಎರಡು. ಒಡೆಯುವ ಜಾಗದ ಡಬ್ಬಿಯಲ್ಲಿ ನೀರು, ಧೂಳು ಸೇರಿ ಎರಡು ಸ್ಲೈಡುಗಳ ಹೊಂದಿಕೆ ಮತ್ತೆ ಮತ್ತೆ ತಪ್ಪುತ್ತಿತ್ತು. ನೇರ ಜೋಡಿಯಲ್ಲಿ ಆ ಕಾಟವಿಲ್ಲ. ಎರಡೂ ಸ್ಲೈಡಿನ ಅಡಿಗೆ 3 ಮಿಲಿಮೀಟರಿನ ಡ್ರಿಲ್ ಬಿಟ್ ತೂರಿಸಿ, ಎರಡೂ ಒಂದೇ ಗಳಿಗೆಯಲ್ಲಿ ಸಡಿಲವಾಗುವಂತೆ ಹೊಂದಿಸುತ್ತೇನೆ.

ಎಫ್‌ಸಿಆರ್ ಬೇರೆಯೇ ಲೋಕ. ಸ್ಲೈಡು ಚಪ್ಪಟೆಯಾಗಿದ್ದು ಪುಟ್ಟ ರೋಲರುಗಳ ಮೇಲೆ ಜಾರುತ್ತದೆ, ಕೈಗೆ ವಿಎಂಗಿಂತ ಹಗುರ. ತೆರೆಯಲು ಒಂದು ಕೇಬಲ್, ಮುಚ್ಚಲು ಇನ್ನೊಂದು. ಥ್ರಾಟಲ್ ತಿರುಗಿಸಿದ ಕೂಡಲೇ ಆಕ್ಸಿಲರೇಟರ್ ಪಂಪ್ ಪೆಟ್ರೋಲಿನ ತೆಳು ಧಾರೆಯನ್ನು ಗಾಳಿಗೆ ಚಿಮ್ಮಿಸುವುದರಿಂದ ಉಸಿರು ಕಟ್ಟುವ ಆ ಕ್ಷಣವೇ ಇಲ್ಲ. ಘಟ್ಟದ ತಿರುವುಗಳಲ್ಲಿ ಇದರ ಮುಂದೆ ಉಳಿದೆರಡೂ ಸೋತವು, ಅನುಮಾನವೇ ಇಲ್ಲ. ಆದರೆ ವಾಹನಗಳ ಸಾಲಿನಲ್ಲಿ ತೆವಳುವಾಗ ಕೈಯ ಪ್ರತಿ ಅಲುಗಾಟಕ್ಕೂ ಪಂಪ್ ಚಿಮ್ಮುತ್ತದೆ. ಆರು ವಾರದಲ್ಲಿ ಎರಡು ಬಾರಿ ಪ್ಲಗ್ ಕಪ್ಪಾಗಿ ನಿಂತಿದ್ದೇನೆ. ಸಿವಿಗೆ ಹೋಲಿಸಿದರೆ ವಿಎಂ ಲೀಟರಿಗೆ ಎರಡು ಕಿಲೋಮೀಟರ್ ಕಡಿಮೆ ಕೊಟ್ಟಿತು, ಎಫ್‌ಸಿಆರ್ ನಾಲ್ಕೂವರೆ. ಎತ್ತರದ ಊರುಗಳಿಗೆ ಹೋದಾಗ ತುಸುವಾದರೂ ತಾನೇ ಹೊಂದಿಕೊಂಡದ್ದು ಸಿವಿ ಒಂದೇ.

ಎರವಲು ತಂದದ್ದನ್ನು ಹಿಂದಿರುಗಿಸುವಾಗ ಬೇಸರವಾಯಿತು. ಈಗ ಬೈಕಿನಲ್ಲಿರುವುದು ವಿಎಂ ಜೋಡಿ, 17ರ ಡ್ರಮ್, ನೇರ ಕೇಬಲುಗಳು. ರಿಪೇರಿ ಮಾಡಿದ ಸಿವಿ ಜೋಡಿಯನ್ನು ಒಣಗಿಸಿ ಡಬ್ಬಿಯಲ್ಲಿಟ್ಟಿದ್ದೇನೆ, ದೂರದ ಪ್ರವಾಸಕ್ಕೆ ಮತ್ತೆ ಅದನ್ನೇ ಹಾಕುತ್ತೇನೆ. ವಿಎಂನಲ್ಲಿ ಮುಚ್ಚುವ ಕೇಬಲ್ ಇಲ್ಲ, ಸ್ಪ್ರಿಂಗ್ ಒಂದೇ ಆಧಾರ. ಹಾಗಾಗಿ ಟ್ಯಾಂಕ್ ಬಿಚ್ಚಿ ಕೂರಿಸಿದಾಗಲೆಲ್ಲ ಎಂಜಿನ್ ಐಡ್ಲಿಂಗಿನಲ್ಲಿಟ್ಟು ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ನೋಡುತ್ತೇನೆ. ಸದ್ದು ಒಂದಿಷ್ಟು ಏರಿದರೂ ಕೇಬಲ್ ಎಲ್ಲೋ ಬಿಗಿಯಾಗಿದೆ ಎಂದರ್ಥ. ಆಗ ಟ್ಯಾಂಕನ್ನು ಮತ್ತೆ ಬಿಚ್ಚುತ್ತೇನೆ.