ಹಳ್ಳದ ಕರೆಂಟಿನ ಮನೆಯವರೇ, ಹೀಟರ್ ಕಾಯಿಲ್ ಬದಲಿಸುವ ಮುಂಚೆ ಓದಿ

ಹಳ್ಳದ ನೀರಿಗೆ ಟರ್ಬೈನ್ ಕೂರಿಸಿಕೊಂಡ ಮಲೆನಾಡಿನ ಮನೆಯೊಂದರಲ್ಲಿ ಮಳೆ ಹಿಡಿದ ಮೊದಲ ವಾರವೇ ಫ್ರಿಜ್, ಟಿವಿ, ಐದಾರು ಎಲ್‌ಇಡಿ ಬಲ್ಬು ಒಂದೇ ರಾತ್ರಿ ಸುಟ್ಟುಹೋದವು. ಸಿಡಿಲಲ್ಲ, ಶಾರ್ಟೂ ಅಲ್ಲ. ಕಾರಣ ಬಚ್ಚಲಿನ ಡ್ರಮ್ಮಿನೊಳಗಿದ್ದ 500 ವ್ಯಾಟಿನ ಕಾಯಿಲ್.

ಅಲ್ಲಿ ನೀರು ಬೀಳುವುದು 25 ಮೀಟರಿನಿಂದ, ಸೆಕೆಂಡಿಗೆ 8 ಲೀಟರ್. 9.81 × 25 × 8 ಅಂದರೆ 1962 ವ್ಯಾಟ್; ಪೈಪು, ಟರ್ಬೈನ್, ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ತಿಂದು ಉಳಿಯುವುದು ಹತ್ತಿರ ಹತ್ತಿರ 1 ಕಿಲೋವ್ಯಾಟ್. ಮನೆ ಬಳಸದೆ ಬಿಟ್ಟದ್ದನ್ನು ಲೋಡ್ ಕಂಟ್ರೋಲರ್ ಹೀಟರಿಗೆ ತಳ್ಳುತ್ತದೆ. ಬಿಸಿನೀರು ಸಿಗುವುದು ಲಾಭವೇ, ಆದರೆ ಆ ಹೀಟರ್ ಇರುವುದು ಬ್ರೇಕ್ ಆಗಿ.

ಆಲ್ಟರ್ನೇಟರಿನೊಳಗೆ ಅಯಸ್ಕಾಂತ ತಿರುಗಿದಂತೆ ತಂತಿಸುರುಳಿಯೊಳಗಿನ ಕಾಂತಕ್ಷೇತ್ರ ಬದಲಾಗಿ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿದ್ದು ಇದನ್ನೇ. ಬದಲಾವಣೆ ಚುರುಕಾದಷ್ಟೂ ವೋಲ್ಟೇಜ್ ಜಾಸ್ತಿ. ತಿರುಗುವ ಶಾಫ್ಟನ್ನು ಹಿಡಿದು ಎಳೆಯುವುದು ಮಾತ್ರ ಸುರುಳಿಯಲ್ಲಿ ಹರಿಯುವ ಕರೆಂಟು. ಲೋಡ್ ಇಳಿದರೆ ಕರೆಂಟು ಇಳಿಯಿತು, ಹಿಡಿತ ಸಡಿಲಾಯಿತು. ನೀರು ಮೊದಲಿನಷ್ಟೇ ರಭಸದಲ್ಲಿ ಬಡಿಯುತ್ತಿರುತ್ತದೆ, ಶಾಫ್ಟ್ ಇನ್ನೂ ಜೋರಾಗಿ ತಿರುಗಿ ವೋಲ್ಟೇಜ್ ಏರುತ್ತದೆ.

ಹಳೆಯ 1.2 ಕಿಲೋವ್ಯಾಟ್ ಕಾಯಿಲ್ ನೀರಿಲ್ಲದೆ ಉರಿದು ಕೆಟ್ಟಾಗ ಪೇಟೆಯಲ್ಲಿ ಸಿಕ್ಕ 500 ವ್ಯಾಟಿನದನ್ನು ಹಾಕಿದ್ದರು. ಅದು ಜನವರಿ, ಟರ್ಬೈನಿಗೆ ನೀರು ಚಿಮ್ಮಿಸುವ ನಾಜಲ್ ಒಂದೇ ತೆರೆದಿತ್ತು, ಏನೂ ಆಗಲಿಲ್ಲ. ಜೂನಿನಲ್ಲಿ ಎರಡನೆಯದನ್ನೂ ತೆರೆದರು. ರಾತ್ರಿ ದೀಪ ಆರಿಸಿದ ಮೇಲೆ ಮನೆಯ ಲೋಡ್ 60 ವ್ಯಾಟ್. ಕಂಟ್ರೋಲರ್ ಕಾಯಿಲಿಗೆ ಪೂರ್ತಿ ಕೊಟ್ಟರೂ ಸಾಲದು. ನಿಮಿಷಕ್ಕೆ 1500 ಸುತ್ತಿನ ಮಶೀನು 1950ಕ್ಕೆ ಏರಿತೆಂದರೆ 230 ವೋಲ್ಟ್ ಹೋಗಿ 300 ಆಗುತ್ತದೆ. ಅಷ್ಟರಲ್ಲಿ ಕಂಟ್ರೋಲರೂ ಸುಟ್ಟರೆ ಇರುವ ಬ್ರೇಕೂ ಹೋಯಿತು, 400ರ ಹತ್ತಿರ ಮುಟ್ಟಬಹುದು.

ಕಾಯಿಲ್ ಯಾವಾಗಲೂ ಮಳೆಗಾಲದ ಪೂರ್ತಿ ಉತ್ಪಾದನೆಗಿಂತ ಶೇ 20ರಷ್ಟು ಹೆಚ್ಚಿನದಿರಲಿ, ಸದಾ ನೀರಿನಲ್ಲಿ ಮುಳುಗಿರಲಿ. ಅದರ ಲೈನಿಗೆ ಸ್ವಿಚ್ಚು ಬೇಡವೇ ಬೇಡ. ಬಚ್ಚಲಿಗೆ ಹೋದವರು ಕರೆಂಟು ಉಳಿಸುವ ಅಭ್ಯಾಸಕ್ಕೆ ಅದನ್ನು ಆಫ್ ಮಾಡಿಯೇ ಬರುತ್ತಾರೆ! ಮನೆಯ ಕಡೆಗೆ 260 ವೋಲ್ಟಿಗೆ ಕಡಿತವಾಗುವ ಓವರ್‌ವೋಲ್ಟೇಜ್ ರಿಲೇ ಹಾಕಿಸಿ. ಇದು ಉಪಕರಣಗಳನ್ನು ಉಳಿಸುತ್ತದೆ, ಮಶೀನಿನ ಓಟವನ್ನು ನಿಲ್ಲಿಸುವುದಿಲ್ಲ.

ರಿಪೇರಿಗೆ ಮೊದಲು ನೀರು ನಿಲ್ಲಿಸಿ, ಆಮೇಲೆ ವೈರ್ ಬಿಚ್ಚಿ. ಗೇಟ್ ವಾಲ್ವನ್ನು ನಿಧಾನಕ್ಕೆ ತಿರುಗಿಸಿ. ತಟ್ಟನೆ ಮುಚ್ಚಿದರೆ ಉದ್ದದ ಪಿವಿಸಿ ಪೈಪು ಒಡೆಯಬಹುದು. ಹೊಸ ಕಾಯಿಲ್ ಹಾಕಿದ ಮೇಲೆ ಮನೆಯ ಮೇನ್ ಆಫ್ ಮಾಡಿ, ನಾಜಲ್‌ಗಳನ್ನು ಒಂದೊಂದಾಗಿ ತೆರೆಯುತ್ತಾ ಮೇನಿನ ಟರ್ಬೈನ್ ಕಡೆಗೆ ಮಲ್ಟಿಮೀಟರ್ ಹಿಡಿಯಿರಿ. ಎಲ್ಲವೂ ತೆರೆದಾಗ 240 ದಾಟಿದರೆ ಆ ಕಾಯಿಲ್ ವಾಪಸ್ ಕೊಟ್ಟು ದೊಡ್ಡದು ತನ್ನಿ.