ಎಳೆ ಕುದುರೆಯ ಲಂಜಿಂಗ್‌ಗೆ ಯಾವುದು ಮೇಲು: ನೈಲಾನ್ ಹಾಲ್ಟರೋ, ಹಗ್ಗದ ಹಾಲ್ಟರೋ, ಕ್ಯಾವೆಸನ್ನೋ?

ಮೈಸೂರಿನ ಹೊರವಲಯದಲ್ಲಿರುವ ನಮ್ಮ ತೋಟದಲ್ಲಿ ಮಾರ್ವಾಡಿ ತಳಿಯ ಮೂರು ವರ್ಷದ ಹೆಣ್ಣು ಕುದುರೆಮರಿಯೊಂದನ್ನು ಎಂಟು ತಿಂಗಳಿಂದ ಪಳಗಿಸುತ್ತಿದ್ದೇನೆ. ಸವಾರಿಗೆ ಇನ್ನೂ ಸಮಯವಿರುವುದರಿಂದ ಸದ್ಯಕ್ಕೆ ಜೊತೆಯಲ್ಲಿ ನಡೆಯುವುದು, ಹೇಳಿದಾಗ ನಿಲ್ಲುವುದು, ಹಿಂದೆ ಸರಿಯುವುದು ಮತ್ತು ಉದ್ದ ಹಗ್ಗದ ತುದಿಯಲ್ಲಿ ಸುತ್ತು ಹಾಕುವ ಲಂಜಿಂಗ್ ಇಷ್ಟೇ ಅದರ ಪಾಠ. ಲಂಜಿಂಗ್ ಮಾಡಿಸುವಾಗ ತಲೆಗೆ ಏನು ತೊಡಿಸಬೇಕು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಈಗ ಗಟ್ಟಿಯಾಗಿದೆ: ಚರ್ಮದ ಕ್ಯಾವೆಸನ್ ಅನ್ನು, ಅಂದರೆ ಮೂಗಿನ ಪಟ್ಟಿಯ ಮೇಲೆ ಹಗ್ಗಕ್ಕೆ ಬಳೆಯಿರುವ ತಲೆಕಟ್ಟನ್ನು, ಮೊದಲ ದಿನವೇ ಕೊಂಡಿದ್ದರೆ ಮರಿಯ ಕಣ್ಣಿಗೆ ಪೆಟ್ಟಾಗುತ್ತಿರಲಿಲ್ಲ.

ಆರಂಭದಲ್ಲಿ ಲಾಯದಲ್ಲಿ ಕಟ್ಟಲು ಬಳಸುತ್ತಿದ್ದ 600 ರೂಪಾಯಿಯ ನೈಲಾನ್ ಹಾಲ್ಟರ್‌ಗೇ (ಕಡಿವಾಣವಿಲ್ಲದ ಸಾದಾ ತಲೆಕಟ್ಟು) ಎಂಟು ಮೀಟರ್ ಉದ್ದದ ಹಗ್ಗ ಸಿಕ್ಕಿಸಿದೆ. ಎಡಸುತ್ತಿನಲ್ಲಿ ಮರಿ ಕೆಲವೇ ಹೆಜ್ಜೆ ಟ್ರಾಟ್ (ನಡಿಗೆಗಿಂತ ವೇಗದ ಹದ ಓಟ) ಮಾಡಿ, ತಲೆ ಕೊಡವಿ, ಸುತ್ತು ಬಿಟ್ಟು ಒಳಗೆ ನುಗ್ಗುತ್ತಿತ್ತು. ಬಲಸುತ್ತಿನಲ್ಲಿ ಅಷ್ಟು ತಕರಾರಿರಲಿಲ್ಲ. ಮರಿಗೆ ಎಡಭಾಗ ಇನ್ನೂ ಬಿಗಿಯಾಗಿದೆ ಎಂದು ತಿಳಿದು ಎಡಸುತ್ತನ್ನೇ ಹೆಚ್ಚು ಮಾಡಿಸಿದೆ.

ಮೂರನೆಯ ವಾರ ಮೈ ತೊಳೆಯುತ್ತಿದ್ದ ಸೈಸ್ (ಕುದುರೆ ನೋಡಿಕೊಳ್ಳುವವರು), ಬಲಗಣ್ಣಿನಿಂದ ನೀರು ಇಳಿದು ಕೆನ್ನೆಯ ಕೂದಲು ಅಂಟಿಕೊಂಡಿರುವುದನ್ನು ತೋರಿಸಿದರು. ಪಶುವೈದ್ಯರು ಬಣ್ಣದ ಹನಿ ಹಾಕಿ ನೋಡಿದಾಗ ಕಣ್ಣಿನ ಮೇಲೆ ಕೂದಲೆಳೆಯಷ್ಟು ಸಣ್ಣ ಹಸಿರು ಗೆರೆ ಮೂಡಿತು; ಅದು ಗೀರಿದ ಗಾಯ. ಹಗ್ಗ ಒಳಗಿನಿಂದ ಎಳೆದಂತೆಲ್ಲ ಹಾಲ್ಟರ್ ಮುಖದ ಮೇಲೆ ತಿರುಗುತ್ತದೆ. ಆಗ ಹೊರಗಿನ ಕೆನ್ನೆಯ ಪಟ್ಟಿ ಮೇಲೇರಿ ನೇರವಾಗಿ ಕಣ್ಣಿಗೆ ಉಜ್ಜುತ್ತದೆ. ಸುತ್ತಿನ ನಡುವೆ ನಿಂತವರಿಗೆ ಕುದುರೆಯ ಹೊರಗಣ್ಣು ಕಾಣುವುದೇ ಇಲ್ಲ. ನೋವಿನಿಂದ ತಲೆ ಕೊಡವಿದ ಮರಿಯನ್ನು ಅದೇ ಸುತ್ತಿಗೆ ಮತ್ತೆ ಮತ್ತೆ ಓಡಿಸಿದೆನಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ. ಕಣ್ಣು ವಾಸಿಯಾದ ಮೇಲೆ, ಸುಮ್ಮನೆ ನಿಲ್ಲಿಸಿಕೊಂಡು ಪಟ್ಟಿಯನ್ನು ಎರಡು ರಂಧ್ರ ಬಿಗಿ ಮಾಡಿ ನೋಡಿದೆ. ದವಡೆ ಆಡಿಸಲು ಕಷ್ಟವಾಯಿತೇ ಹೊರತು ಪಟ್ಟಿ ಜಾರುವುದು ನಿಲ್ಲಲಿಲ್ಲ.

ಹಗ್ಗದ ಹಾಲ್ಟರ್ ಬೇರೆ ಬಗೆಯದು. ಎಳೆದಾಗ ತಕ್ಷಣ ಒತ್ತಿ, ಬಿಟ್ಟಾಗ ತಕ್ಷಣ ಸಡಿಲಗೊಳ್ಳುವುದರಿಂದ ನಿಲ್ಲುವುದನ್ನೂ ಹಿಂದೆ ಸರಿಯುವುದನ್ನೂ ಮರಿ ನಾಲ್ಕೇ ದಿನದಲ್ಲಿ ಕಲಿಯಿತು. ಆದರೆ ಲಂಜಿಂಗ್‌ನಲ್ಲಿ ಉದ್ದ ಹಗ್ಗದ ಭಾರ ಗದ್ದದ ಗಂಟಿಗೆ ಸದಾ ಜೋತಿರುತ್ತದೆ. ಬಿಟ್ಟೆ ಎಂಬ ಸೂಚನೆ ಮರಿಗೆ ಸಿಗುವುದೇ ಇಲ್ಲ.

ಕಡಿವಾಣಕ್ಕೆ ಹಗ್ಗ ಸಿಕ್ಕಿಸುವುದನ್ನು ನಾನು ಪ್ರಯತ್ನಿಸಲಿಲ್ಲ. ಹಾಲುಹಲ್ಲು ಬೀಳುವ ಈ ವಯಸ್ಸಿನ ಬಾಯಿಗೆ ಅದು ತಕ್ಕುದಲ್ಲ.

ಕಾನ್ಪುರದಲ್ಲಿ ತಯಾರಾದ ಕ್ಯಾವೆಸನ್‌ಗೆ 4,200 ರೂಪಾಯಿ ಆಯಿತು. ಹಗ್ಗದ ಕೊಂಡಿ ಮೂಗಿನ ನಡುವಿನ ಬಳೆಗೆ ಬೀಳುವುದರಿಂದ ದಿಕ್ಕು ಬದಲಿಸುವಾಗ ಅದನ್ನು ಬಿಚ್ಚಿ ಕಟ್ಟುವ ಕೆಲಸವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದವಡೆಯ ಹಿಂದಿನಿಂದ ಬರುವ ಪಟ್ಟಿ ಕೆನ್ನೆಪಟ್ಟಿಯನ್ನು ಕಣ್ಣಿನಿಂದ ದೂರ ಹಿಡಿದಿಡುತ್ತದೆ. ಮೂಗಿನ ಪಟ್ಟಿ ಕೆನ್ನೆಮೂಳೆಯಿಂದ ಎರಡು ಬೆರಳು ಕೆಳಗೆ, ಗಟ್ಟಿ ಮೂಳೆಯ ಮೇಲೆಯೇ ಕೂರಬೇಕು; ಇನ್ನೂ ಕೆಳಗಿನ ಮೆತ್ತನೆಯ ಭಾಗಕ್ಕೆ ಇಳಿದರೆ ಉಸಿರಿಗೆ ತೊಂದರೆಯಾಗುತ್ತದೆ. ಮಾರ್ವಾಡಿಯ ಮುಖ ಕಿರಿದಾದ್ದರಿಂದ ಚಮ್ಮಾರರಲ್ಲಿ ಮೂರು ರಂಧ್ರ ಹೆಚ್ಚಾಗಿ ಹೊಡೆಸಬೇಕಾಯಿತು. ತುದಿಗೆ ತುದಿ ತಾಗುವಂತೆ ಬಾಗಿದ ಕಿವಿಗಳನ್ನು ಒಂದೊಂದಾಗಿ ನಿಧಾನವಾಗಿ ದಾಟಿಸಿಯೇ ತಲೆಪಟ್ಟಿ ಹಾಕಬೇಕು. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ.

ಎಳೆಯ ಕೀಲುಗಳಿಗೆ ಸಣ್ಣ ಸುತ್ತು ಭಾರವಾಗುವುದರಿಂದ ನಾನು ವಾರಕ್ಕೆ ಎರಡೇ ದಿನ, ದಿನಕ್ಕೆ 15 ನಿಮಿಷ ಮಾತ್ರ, ಹಗ್ಗ ಬಿಟ್ಟಷ್ಟೂ ದೊಡ್ಡ ಸುತ್ತಿನಲ್ಲಿ ಲಂಜಿಂಗ್ ಮಾಡಿಸುತ್ತೇನೆ. ಇಷ್ಟು ಕಡಿಮೆ ಬಳಕೆಗೆ ಅಷ್ಟು ಹಣವೇಕೆ ಎಂದು ಮೊದಲು ನನಗೂ ಅನ್ನಿಸಿತ್ತು. ಆದರೆ ಕಣ್ಣಿನ ಚಿಕಿತ್ಸೆಗೇ ಕ್ಯಾವೆಸನ್‌ಗಿಂತ ಹೆಚ್ಚು ಖರ್ಚಾಯಿತು. ಸುತ್ತುಬೇಲಿಯೊಳಗೆ ಹಗ್ಗವಿಲ್ಲದೆ ಕೆಲಸ ಮಾಡಿಸುವವರಿಗೆ ಇದರ ಅಗತ್ಯವಿಲ್ಲ. ನನ್ನಲ್ಲಿ ಈಗ ಹಗ್ಗದ ಹಾಲ್ಟರ್ ನಡೆಸುವುದಕ್ಕೆ, ನೈಲಾನಿನದು ಲಾಯಕ್ಕೆ, ಕ್ಯಾವೆಸನ್ ಲಂಜಿಂಗ್‌ಗೆ. ಕ್ಯಾವೆಸನ್ ತೊಡಿಸುವ ಮುನ್ನ ಮೂಗಿನ ಪಟ್ಟಿಯ ಒಳಮೆತ್ತೆಯನ್ನು ಪ್ರತಿಸಲ ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ, ಏಕೆಂದರೆ ಅದು ಸವೆದರೆ ಒಳಗಿನ ಲೋಹದ ಪಟ್ಟಿ ನೇರವಾಗಿ ಮೂಳೆಗೆ ತಾಗುತ್ತದೆ.